ಮಸಿ ಹಿಡಿದ ಕಮಾನುಗಳು: ಮಾದರಿ ರೈಲುಸೇತುವೆಗೆ ಹಳೆತನ ತರುವ ಕಲೆಯ ಚರಿತ್ರೆ

ಕಣಿವೆಯನ್ನೋ ತಗ್ಗಿನಲ್ಲಿರುವ ಊರನ್ನೋ ಸಾಲು ಕಮಾನುಗಳ ಮೇಲೆ ದಾಟಿಸುವ ಉದ್ದನೆಯ ರೈಲುಸೇತುವೆಯೇ ವಯಾಡಕ್ಟ್. ಅದನ್ನು ಚಿಕ್ಕ ಅಳತೆಯಲ್ಲಿ ಕಟ್ಟಿದ ಮೇಲೆ, ಮಳೆ, ಮಸಿ, ತುಕ್ಕು, ಪಾಚಿಗಳು ಬಿಟ್ಟುಹೋಗುವ ಗುರುತುಗಳನ್ನು ಬಣ್ಣದಲ್ಲಿ ಮೂಡಿಸಿ ಹಳತಾಗಿ ಕಾಣಿಸುವ ಕೆಲಸಕ್ಕೆ ಮಾದರಿ ರೈಲು ಕಟ್ಟುವವರು ವೆದರಿಂಗ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಈ ಕಲೆ ಬಲಿತದ್ದು 20ನೇ ಶತಮಾನದ ನಡುಭಾಗದಿಂದ ಈಚೆಗೆ. ಉಗಿಯಂತ್ರಗಳೂ, ಅಸಲಿ ಸೇತುವೆಗಳಿಗೆ ಮಸಿ ಬಳಿದ ಕಲ್ಲಿದ್ದಲ ಒಲೆಗಳೂ ಮರೆಯಾಗುತ್ತಿದ್ದ ಕಾಲವೂ ಅದೇ. ಇವೆರಡೂ ಒಟ್ಟಿಗೆ ನಡೆದದ್ದು ಆಕಸ್ಮಿಕವಲ್ಲ.

ವಯಾಡಕ್ಟುಗಳ ಯುಗ 1830ರಲ್ಲಿ ಆರಂಭವಾಯಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗಕ್ಕಾಗಿ ಜಾರ್ಜ್ ಸ್ಟೀಫನ್‌ಸನ್ ಅವರು ಸ್ಯಾಂಕಿ ಕಣಿವೆಗೆ ಒಂಬತ್ತು ಕಮಾನುಗಳ ಸೇತುವೆ ಕಟ್ಟಿಸಿದರು. ಹತ್ತು ವರ್ಷ ಕಳೆಯುವುದರೊಳಗೆ ಇದು ಚಿಕ್ಕದಾಗಿ ಕಾಣತೊಡಗಿತು. 1840ರಲ್ಲಿ ಮುಗಿದ ಸ್ಟಾಕ್‌ಪೋರ್ಟ್ ವಯಾಡಕ್ಟಿಗೆ 27 ಕಮಾನುಗಳು, ಸುಮಾರು 1 ಕೋಟಿ 10 ಲಕ್ಷ ಇಟ್ಟಿಗೆ. ಮರುವರ್ಷ ಸಸೆಕ್ಸಿನ ಔಸ್ ಕಣಿವೆಯಲ್ಲಿ 37 ಕಮಾನುಗಳು ಎದ್ದವು. ಅದಕ್ಕೆ ಹಿಡಿದ ಇಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ. ಯಾರ್ಕ್‌ಷೈರಿನ ಬಯಲುಗುಡ್ಡಗಳ ನಡುವೆ 1870ರಿಂದ 1874ರವರೆಗೆ ಕಟ್ಟಿದ ರಿಬಲ್‌ಹೆಡ್ 24 ಕಮಾನುಗಳದ್ದು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಒಂದು ಕಮಾನು ಕುಸಿದರೆ ಇಡೀ ಸಾಲು ಉರುಳಿಹೋಗಬಾರದೆಂದು ಅಲ್ಲಿ ಪ್ರತಿ ಆರನೆಯ ಕಂಬವನ್ನು ದಪ್ಪಗೆ ಕಟ್ಟಿದ್ದಾರೆ. ಕಂಬಗಳು ಸುಣ್ಣಕಲ್ಲಿನವು, ಕಮಾನುಗಳ ಒಳಮೈ ಇಟ್ಟಿಗೆಯದು. ಸೇತುವೆಗೆ ಮುಪ್ಪು ಹೇಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಕಲ್ಲು, ಇಟ್ಟಿಗೆ, ಗಾರೆಗಳ ಈ ಆಯ್ಕೆಯೇ. ಮಾದರಿಗೆ ಬಣ್ಣ ಹಚ್ಚುವವರು ಮೊದಲು ತಿಳಿದುಕೊಳ್ಳಬೇಕಾದದ್ದೂ ಇದನ್ನೇ.

ಮುಪ್ಪಿಗೆ ದೊಡ್ಡ ಕಾರಣ ನೀರು. ಹಳಿಯ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಕಲ್ಲುಮಣ್ಣಿನ ತುಂಬು, ಅದರ ಕೆಳಗೆ ಕಮಾನಿನ ಬೆನ್ನು. ಮೇಲೆ ಬಿದ್ದ ಮಳೆ ಇಷ್ಟನ್ನೂ ಇಳಿದು, ಎರಡು ಕಮಾನುಗಳು ಕೂಡುವ ತಗ್ಗಿನಲ್ಲಿ ನಿಂತು, ಕೊಳವೆಗಳ ಮೂಲಕ ಹೊರಬೀಳಬೇಕು. ಕೊಳವೆ ಕಟ್ಟಿಕೊಂಡರೆ ಅಥವಾ ಕಮಾನಿನ ಬೆನ್ನಿನ ಮೇಲೆ ಹಾಸಿದ ತಡೆಪದರ ಬಿರುಕುಬಿಟ್ಟರೆ ನೀರು ಇಟ್ಟಿಗೆಯ ಸಂದುಗಳಲ್ಲೇ ದಾರಿ ಮಾಡಿಕೊಳ್ಳುತ್ತದೆ. ಬರುವಾಗ ಗಾರೆಯ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಹೊರಗಿನ ಗಾಳಿ ತಾಗಿದಾಗ ಆ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಕಟ್ಟುತ್ತದೆ. ಕಮಾನಿನ ಒಳಮೈಯ ಬಿಳಿ ಇಳಿಗೆರೆಗಳು, ಅಲ್ಲಲ್ಲಿ ಜೋತುಬಿದ್ದ ಸುಣ್ಣದ ಕಡ್ಡಿಗಳು ಹುಟ್ಟುವುದು ಹೀಗೆ. ಒದ್ದೆಯಾದ ಇಟ್ಟಿಗೆಯೊಳಗಿನ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮುಖ ಚಕ್ಕೆ ಎದ್ದು, ಒಳಗಿನ ಹಸಿ ಕೆಂಪು ಕಾಣುತ್ತದೆ. ಬಿಸಿಲು ಕಡಿಮೆ ಬೀಳುವ ಉತ್ತರದ ಮುಖದಲ್ಲಿ ಪಾಚಿ ನಿಲ್ಲುತ್ತದೆ. ಕ್ಯಾಸಲ್ ರಾಕ್‌ನಿಂದ ಘಟ್ಟ ಇಳಿಯುವ ರೈಲಿನಲ್ಲಿ ದೂಧಸಾಗರದ ಕಲ್ಲುಸೇತುವೆಯನ್ನು ಕಂಡವರಿಗೆ ನೀರು ಮತ್ತು ಪಾಚಿ ಕಲ್ಲಿನ ಬಣ್ಣವನ್ನು ಎಷ್ಟು ಬದಲಿಸಬಲ್ಲವು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಎರಡನೆಯ ಕಾರಣ ಮಸಿ. ಅದು ಎಲ್ಲಿಂದ ಬಂತೆಂಬುದರ ಬಗ್ಗೆ ಸಾಮಾನ್ಯವಾದ ಒಂದು ತಪ್ಪು ಎಣಿಕೆಯಿದೆ. ಸೇತುವೆಯ ಮೇಲೆ ಓಡುವ ಉಗಿಯಂತ್ರದ ಹೊಗೆ ಮೇಲಕ್ಕೆ ಹೋಗುತ್ತದೆ. ಸುರಂಗದ ಬಾಯಿಯನ್ನೋ ಹಳಿಯ ಮೇಲಿನಿಂದ ಹಾಯುವ ರಸ್ತೆಸೇತುವೆಯನ್ನೋ ಕಪ್ಪಾಗಿಸುವಷ್ಟು ಅದು ವಯಾಡಕ್ಟನ್ನು ಕಪ್ಪಾಗಿಸದು. ಸ್ಟಾಕ್‌ಪೋರ್ಟಿನಂಥ ವಯಾಡಕ್ಟುಗಳನ್ನು ಕಪ್ಪು ಮಾಡಿದ್ದು ಮುಖ್ಯವಾಗಿ ಸುತ್ತಲಿನ ಹತ್ತಿ ಗಿರಣಿಗಳ ಮತ್ತು ಮನೆಗಳ ಹೊಗೆಕೊಳವೆಗಳು. ಎಲ್. ಎಸ್. ಲೌರಿ ಮತ್ತೆ ಮತ್ತೆ ಚಿತ್ರಿಸಿದ ಕೈಗಾರಿಕಾ ಊರುಗಳಲ್ಲಿ ಕಾಣುವ ಕಪ್ಪು ಕಮಾನುಗಳಿಗೆ ಸ್ಟಾಕ್‌ಪೋರ್ಟ್ ವಯಾಡಕ್ಟು ಪ್ರೇರಣೆ. ಮಸಿ ಕೂರುವ ಬಗೆಯೂ ಕಲ್ಲಿನಿಂದ ಕಲ್ಲಿಗೆ ಬೇರೆ. ಕಲ್ಲಿದ್ದಲ ಹೊಗೆಯ ಗಂಧಕ ಸುಣ್ಣಕಲ್ಲಿನ ಜೊತೆ ಸೇರಿ ಜಿಪ್ಸಂ ಆಗುತ್ತದೆ, ಆ ಪದರದೊಳಗೆ ಮಸಿ ಸಿಕ್ಕಿಕೊಳ್ಳುತ್ತದೆ. ಮಳೆ ನೇರವಾಗಿ ಬಡಿಯುವಲ್ಲಿ ಈ ಪದರ ತೊಳೆದುಹೋಗಿ ಕಲ್ಲು ತಿಳಿಯಾಗಿಯೇ ಉಳಿಯುತ್ತದೆ. ಚಾಚುಪಟ್ಟಿಯ ಕೆಳಗೆ, ಮಳೆ ತಲುಪದ ಮೂಲೆಗಳಲ್ಲಿ ಮಾತ್ರ ಕಪ್ಪು ದಪ್ಪವಾಗುತ್ತದೆ. ಮರಳುಗಲ್ಲು ಹಾಗಲ್ಲ, ಅದು ಮಳೆಗೆ ಒಡ್ಡಿದ ಕಡೆಯೂ ಕಪ್ಪಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಕಪ್ಪು ಬಳಿದ ಮಾದರಿ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಕಣ್ಣಿಗೆ ಸುಳ್ಳಾಗಿ ಕಾಣುತ್ತದೆ.

ಮೂರನೆಯದು ದುರಸ್ತಿಯ ಗುರುತುಗಳು. ಚಕ್ಕೆ ಎದ್ದ ಕೆಂಪು ಇಟ್ಟಿಗೆಯ ಜಾಗದಲ್ಲಿ ರೈಲ್ವೆಯವರು ಸ್ಟ್ಯಾಫರ್ಡ್‌ಷೈರಿನ ಗಟ್ಟಿಯಾದ ನೀಲಿ ಇಟ್ಟಿಗೆಯನ್ನು ಕೂರಿಸಿದರು. ಹೊರಕ್ಕೆ ಉಬ್ಬಿದ ಮುಖಗೋಡೆಗಳನ್ನು ಕಬ್ಬಿಣದ ಸರಳು ಹಾಯಿಸಿ, ಎರಡೂ ಬದಿಗೆ ದುಂಡು ತಟ್ಟೆ ಹಾಕಿ ಬಿಗಿದರು. ಆ ತಟ್ಟೆಗಳಿಂದ ತುಕ್ಕಿನ ಕಂದು ಗೆರೆ ಇಳಿಯುತ್ತದೆ. ಸ್ಟಾಕ್‌ಪೋರ್ಟ್ ವಯಾಡಕ್ಟನ್ನು 1880ರ ದಶಕದಲ್ಲಿ ನಾಲ್ಕು ಹಳಿಗಳಿಗಾಗಿ ಅಗಲಗೊಳಿಸಿದ್ದರಿಂದ ಅದರಲ್ಲಿ ಎರಡು ಕಾಲದ ಇಟ್ಟಿಗೆ ಕೆಲಸ ಒಂದಕ್ಕೊಂದು ಅಂಟಿಕೊಂಡು ನಿಂತಿದೆ.

ಆಟಿಕೆ ರೈಲುಗಳ ಕಾಲದಲ್ಲಿ ಇದ್ಯಾವುದೂ ಯಾರಿಗೂ ಬೇಕಿರಲಿಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ನಿಗದಿತ ಅಳತೆಯ ಹಳಿಗಳನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿಯೂ, 1920ರಿಂದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಅವರ ರೈಲುಗಳೂ ಮನೆಮನೆ ತಲುಪಿದವು. ತಗಡಿನ ನಿಲ್ದಾಣಗಳ ಮೇಲೆ ಇಟ್ಟಿಗೆಯನ್ನು ಅಚ್ಚು ಹಾಕಿರುತ್ತಿದ್ದರು, ಬಣ್ಣ ಎನಾಮೆಲಿನ ಹೊಳಪಿನದು. ಎಂಜಿನ್ ತಯಾರಿಸುವವರ ಹೆಮ್ಮೆಯೂ ಹೊಳಪಿನಲ್ಲೇ ಇತ್ತು. ಪ್ರದರ್ಶನದಲ್ಲಿ ಬಹುಮಾನ ಹೋಗುತ್ತಿದ್ದದ್ದು ಕೊಳೆಗಲ್ಲ, ಪಾಲಿಷಿಗೆ.

ಈ ದೃಷ್ಟಿಯನ್ನು ಬದಲಿಸಿದವರಲ್ಲಿ ಜಾನ್ ಅಹರ್ನ್ ಅವರ ಹೆಸರು ಮೊದಲು ಬರಬೇಕು. 1930ರ ದಶಕದ ಕೊನೆಗೆ ಅವರು ಮ್ಯಾಡರ್ ವ್ಯಾಲಿ ಎಂಬ ಕಲ್ಪಿತ ರೈಲುಮಾರ್ಗವನ್ನು ಕಟ್ಟಲು ತೊಡಗಿದರು. ಅಲ್ಲಿ ರೈಲಿನಷ್ಟೇ ಊರು, ಗುಡ್ಡ, ಹೊಳೆ, ಸೇತುವೆಗಳೂ ಮುಖ್ಯ. ರೈಲು ಒಂದು ಸೀಮೆಯ ಮೂಲಕ ಹಾದುಹೋಗುತ್ತದೆ, ಆ ಸೀಮೆಗೆ ವಯಸ್ಸಿದೆ ಎಂಬ ತಿಳಿವು ಅವರ ಕೆಲಸದ ತಳಹದಿ. 1950ರಲ್ಲಿ ಬಂದ ಅವರ ಕಟ್ಟಡಗಳ ಪುಸ್ತಕವೂ ಮರುವರ್ಷ ಬಂದ ಭೂದೃಶ್ಯದ ಪುಸ್ತಕವೂ ಒಂದು ತಲೆಮಾರಿನ ಹವ್ಯಾಸಿಗಳಿಗೆ ಪಠ್ಯಗಳಾದವು. 1949ರಲ್ಲಿ ಹೊರಬಂದ ರೈಲ್ವೆ ಮಾಡೆಲರ್ ಪತ್ರಿಕೆ ಇಂಥ ಕೆಲಸದ ಚಿತ್ರಗಳನ್ನು ಸಾವಿರಾರು ಮನೆಗಳಿಗೆ ಒಯ್ದಿತು.

ಮ್ಯಾಡರ್ ವ್ಯಾಲಿ ಈಗ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯ ಪೆಂಡನ್ ಮ್ಯೂಸಿಯಮ್ಮಿನಲ್ಲಿದೆ. 1954ರಲ್ಲಿ ಈ ಮ್ಯೂಸಿಯಂ ಸ್ಥಾಪಿಸಿದ ರಾಯ್ ಇಂಗ್ಲೆಂಡ್ ಅವರು ಆಸ್ಟ್ರೇಲಿಯಾದಿಂದ ಬಂದವರು. ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳು ಕಣ್ಣೆದುರೇ ಬದಲಾಗುತ್ತಿರುವುದನ್ನು ಕಂಡು, ಅವು ಹೇಗಿದ್ದವೋ ಹಾಗೆಯೇ ಮಾದರಿಯಲ್ಲಿ ಉಳಿಸಲು ಅವರು ಬದುಕನ್ನು ಮುಡಿಪಿಟ್ಟರು. ಅಲ್ಲಿನ ಮನೆಗಳು ರಟ್ಟಿನವು, ಜಲವರ್ಣದಿಂದ ಬಣ್ಣ ಬಳಿದವು. ಒಂದೊಂದು ಇಟ್ಟಿಗೆಗೂ ಬೇರೆ ಬೇರೆ ಛಾಯೆ. ಡಾರ್ಟ್‌ಮೂರ್ ದೃಶ್ಯದಲ್ಲಿ ರೈಲ್ವೆ ಎಂಜಿನಿಯರ್ ಬ್ರೂನೆಲ್ ಮಾದರಿಯ ಮರದ ವಯಾಡಕ್ಟ್ ಇದೆ. ಅಸಲಿಗೆ ಈ ಬಗೆಯ ಮರದ ವಯಾಡಕ್ಟುಗಳು ಒಂದೊಂದಾಗಿ ಕಲ್ಲಿಗೋ ಉಕ್ಕಿಗೋ ಜಾಗ ಬಿಟ್ಟುಕೊಟ್ಟಿವೆ. ಪೆಂಡನ್ನಿನ ಕೆಲಸ ತೋರಿಸಿಕೊಟ್ಟ ಮುಖ್ಯ ಸಂಗತಿಯೆಂದರೆ, ಹಳೆತನ ತರುವುದು ಮೊದಲು ನೋಡುವ ಕೆಲಸ, ಬಣ್ಣ ಹಚ್ಚುವುದು ಆಮೇಲಿನದು.

ಹೀಗೆ ಕಣ್ಣು ತೆರೆಯುತ್ತಿದ್ದಾಗಲೇ ನೋಡಬೇಕಾದ ವಸ್ತು ಕರಗುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. ರೈಲುಮಾರ್ಗಗಳ ಕಡಿತಕ್ಕೆ ಸೂಚಿಸಿದ 1963ರ ಬೀಚಿಂಗ್ ವರದಿಯ ನಂತರ ನೂರಾರು ಮಾರ್ಗಗಳು ಮುಚ್ಚಿದವು, ಎಷ್ಟೋ ವಯಾಡಕ್ಟುಗಳು ಹಳಿ ಕಳೆದುಕೊಂಡು ಪೊದೆ ಬೆಳೆಸಿಕೊಂಡು ನಿಂತವು. 1968ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ ಉಗಿಯಂತ್ರದ ಓಡಾಟ ನಿಂತಿತು. ಸ್ಟಾಕ್‌ಪೋರ್ಟ್ ವಯಾಡಕ್ಟಿನ ಮಸಿಯನ್ನು 1980ರ ದಶಕದ ಕೊನೆಗೆ ತೊಳೆದರು. ಬಾಲ್ಯದಲ್ಲಿ ಕಪ್ಪು ಸೇತುವೆಗಳನ್ನು ನೋಡಿದ್ದವರಿಗೆ ಆ ಕಪ್ಪು ಉಳಿದಿದ್ದದ್ದು ಕಪ್ಪುಬಿಳುಪು ಫೋಟೋಗಳಲ್ಲಿ ಮತ್ತು ನೆನಪಿನಲ್ಲಿ ಮಾತ್ರ. 1970ರ ನಂತರ ವೆದರಿಂಗ್ ಇಷ್ಟು ಗಂಭೀರ ವಿದ್ಯೆಯಾದದ್ದಕ್ಕೆ ಈ ನಷ್ಟದ ಅರಿವೇ ಬಲವಾದ ಕಾರಣ ಎನ್ನಬೇಕು.

ತಂತ್ರಗಳು ಮಾತ್ರ ಹಲವು ಕಡೆಗಳಿಂದ ಬಂದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಅಲೆನ್ ಅವರು 1940ರ ದಶಕದಿಂದಲೇ ತಮ್ಮ ಮಾದರಿಗಳನ್ನು ಬೇಕೆಂದೇ ಸವೆದ, ತುಕ್ಕು ಹಿಡಿದ ಸ್ಥಿತಿಯಲ್ಲಿ ತೋರಿಸುತ್ತಿದ್ದರು; ಛಾಯಾಗ್ರಾಹಕರಾಗಿದ್ದ ಅವರಿಗೆ ಹೊಳಪು ಕ್ಯಾಮೆರಾದ ಮುಂದೆ ಆಟಿಕೆಯಾಗಿ ಕಾಣುತ್ತದೆಂದು ಗೊತ್ತಿತ್ತು. ಟ್ಯಾಂಕು, ಲಾರಿಗಳ ಸೈನಿಕ ಮಾದರಿ ಮಾಡುವವರು ಎರಡು ವಿಧಾನಗಳನ್ನು ಜನಪ್ರಿಯಗೊಳಿಸಿದರು: ತೆಳುಬಣ್ಣವನ್ನು ಸಂದುಗಳಿಗೆ ಹರಿಯಬಿಡುವ ವಾಶ್, ಮತ್ತು ಬಹುಪಾಲು ಒರೆಸಿ ತೆಗೆದ ಕುಂಚದಿಂದ ಅಂಚುಗಳನ್ನಷ್ಟೇ ಸವರುವ ಡ್ರೈ ಬ್ರಷಿಂಗ್. ಹಲ್ ನಗರದ ಹಂಬ್ರಾಲ್ ಕಂಪನಿಯ ಹೊಳಪಿಲ್ಲದ ಎನಾಮೆಲ್ ಬಣ್ಣಗಳು ಚಿಕ್ಕ ಡಬ್ಬಿಗಳಲ್ಲಿ ಸಿಗತೊಡಗಿದ್ದು ದೊಡ್ಡ ಅನುಕೂಲವಾಯಿತು. ಆಮೇಲೆ ಏರ್‌ಬ್ರಷ್ ಬಂತು, ಅರೆದ ಬಣ್ಣದ ಪುಡಿಗಳು ಬಂದವು. 1993ರಲ್ಲಿ ಮಾರ್ಟಿನ್ ವೆಲ್ಚ್ ಅವರು ವೆದರಿಂಗ್ ಕಲೆಯನ್ನೇ ಕುರಿತು ಬರೆದ ಪುಸ್ತಕ ಈ ಎಲ್ಲ ಅನುಭವವನ್ನೂ ಒಂದೆಡೆ ತಂದಿತು.

ವಯಾಡಕ್ಟಿನ ವಿಷಯದಲ್ಲಿ ಅಳತೆಯೇ ಮೊದಲ ತೊಡಕು. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ 1:76ರ ಅಳತೆಯಲ್ಲಿ ರಿಬಲ್‌ಹೆಡ್ಡನ್ನು ಪೂರ್ತಿ ಕಟ್ಟಿದರೆ ಐದೂಕಾಲು ಮೀಟರ್ ಉದ್ದ, 42 ಸೆಂಟಿಮೀಟರ್ ಎತ್ತರವಾಗುತ್ತದೆ. ಹಾಗಾಗಿ ಮನೆಗಳಲ್ಲಿ ಕಟ್ಟುವವರು ಏಳೆಂಟು ಕಮಾನುಗಳಿಗೆ ತೃಪ್ತರಾಗುತ್ತಾರೆ. ಒಂದು ಇಟ್ಟಿಗೆ 3 ಮಿಲಿಮೀಟರ್ ಉದ್ದ, ಇಟ್ಟಿಗೆಯ ಒಂದು ವರಸೆ 1 ಮಿಲಿಮೀಟರ್ ಎತ್ತರ; ನಡುವಿನ ಗಾರೆಯ ಗೆರೆ ಕೂದಲಿನಷ್ಟು ತೆಳು. ಇದಕ್ಕಾಗಿ ಕೆಲವರು ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ, ಕೆಲವರು ಪ್ಲಾಸ್ಟರಿನಲ್ಲಿ ಎರಕ ಹೊಯ್ಯುತ್ತಾರೆ, ಮತ್ತೆ ಕೆಲವರು ಗಾಳಿಗೆ ಒಣಗುವ ಜೇಡಿಯನ್ನು ತೆಳ್ಳಗೆ ಮೆತ್ತಿ ಒಂದೊಂದು ಕಲ್ಲನ್ನೂ ಸೂಜಿಮೊನೆಯಿಂದ ಗೀರುತ್ತಾರೆ. ಕಲ್ಲಿನ ವಯಾಡಕ್ಟಿಗೆ ಜೇಡಿಗಿಂತ ಒಳ್ಳೆಯದಿಲ್ಲ.

ಬಣ್ಣ ಹಚ್ಚುವ ಕ್ರಮ ಅಸಲಿ ಸೇತುವೆಗೆ ವಯಸ್ಸಾದ ಕ್ರಮವನ್ನೇ ಅನುಸರಿಸಬೇಕು. ಮೊದಲು ಹೊಸ ಇಟ್ಟಿಗೆಯ ಬಣ್ಣ, ಅದೂ ಮೂರುನಾಲ್ಕು ಛಾಯೆಗಳಲ್ಲಿ. ಅದು ಚೆನ್ನಾಗಿ ಒಣಗಿದ ಮೇಲೆ ಬೂದುಬಿಳುಪಿನ ತೆಳುಬಣ್ಣವನ್ನು ಇಡೀ ಗೋಡೆಗೆ ಹರಿಯಬಿಟ್ಟು, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದರೆ ಸಂದುಗಳಲ್ಲಿ ಗಾರೆ ಉಳಿಯುತ್ತದೆ. ಆಮೇಲೆ ದುರಸ್ತಿಯ ನೀಲಿ ತೇಪೆಗಳು. ನಂತರ ಮಸಿ: ಅಪ್ಪಟ ಕಪ್ಪು ಕೂಡದು, ಕಂದು ಬೆರೆತ ಗಾಢ ಬೂದು ಸಾಕು. ಇದಕ್ಕೆ ಕಾರಣ ದೂರ. 1:76ರ ಮಾದರಿಯನ್ನು ಒಂದು ಮೀಟರ್ ಆಚೆಯಿಂದ ನೋಡುವುದೆಂದರೆ ಅಸಲಿಯನ್ನು 76 ಮೀಟರ್ ಆಚೆಯಿಂದ ನೋಡಿದಂತೆ. ಅಷ್ಟು ದೂರದ ಗಾಳಿಯಲ್ಲಿ ಎಲ್ಲ ಬಣ್ಣಗಳೂ ಒಂದಿಷ್ಟು ಮಾಸಿ ತಿಳಿಯಾಗುತ್ತವೆ. ಕೊನೆಗೆ ನೀರಿನ ಗುರುತುಗಳು. ಪ್ರತಿ ಗೆರೆಗೂ ಒಂದು ಮೂಲ ಇರಬೇಕು, ಕೊಳವೆಯ ಬಾಯಿಯೋ ಒಡೆದ ಸಂದೋ ಕಬ್ಬಿಣದ ತಟ್ಟೆಯೋ. ಮೂಲದ ಹತ್ತಿರ ದಟ್ಟವಾಗಿ ಶುರುವಾಗಿ ಕೆಳಕ್ಕೆ ಹೋದಂತೆ ತೆಳುವಾಗಬೇಕು. ಮೂಲವಿಲ್ಲದ ಗೆರೆ ಅಲಂಕಾರವಾಗುತ್ತದೆ, ಕಲೆಯಾಗುವುದಿಲ್ಲ.

ಯಾವ ವರ್ಷದ ಕೊಳೆ ಎಂಬ ಪ್ರಶ್ನೆಯನ್ನೂ ಈಚಿನ ದಶಕಗಳ ಮಾದರಿಕಾರರು ಬಿಡುವುದಿಲ್ಲ. 1880ರ ದಿನವೊಂದನ್ನು ತೋರಿಸುವ ಮಾದರಿಯಲ್ಲಿ ರಿಬಲ್‌ಹೆಡ್ ಹೆಚ್ಚುಕಡಿಮೆ ಹೊಸದು, ಎರಡು ಹಳಿಗಳದ್ದು. 1985ರ ಮಾದರಿಯಲ್ಲಿ ಒಂದೇ ಹಳಿ. ದಶಕಗಳಿಂದ ಒಳನುಗ್ಗಿದ ನೀರಿನಿಂದ ಕಮಾನುಗಳು ಸೊರಗಿವೆ, ಮಾರ್ಗವನ್ನೇ ಮುಚ್ಚುವ ಮಾತು ನಡೆಯುತ್ತಿದೆ. 1989ರಲ್ಲಿ ಮಾರ್ಗ ಉಳಿಯಿತು, ಮುಂದಿನ ಮೂರು ವರ್ಷಗಳಲ್ಲಿ ಸೇತುವೆಯನ್ನು ವ್ಯಾಪಕವಾಗಿ ದುರಸ್ತಿ ಮಾಡಿದರು. ಆದ್ದರಿಂದ 1995ರ ಮಾದರಿಯಲ್ಲಿ ತಿಳಿಬಣ್ಣದ ಹೊಸ ಗಾರೆ ಕಾಣಬೇಕು, ಬಿಳಿ ಗೆರೆಗಳು ಕಡಿಮೆಯಾಗಬೇಕು. ಒಂದೇ ಸೇತುವೆಗೆ ಮೂರು ಬಗೆಯ ಬಣ್ಣ.

ಈಗ ಲೇಸರಿನಲ್ಲಿ ಕೊರೆದ ಹಲಗೆಗಳೂ ಮೂರು ಆಯಾಮದ ಮುದ್ರಣವೂ ಕಮಾನು ಕಟ್ಟುವ ಶ್ರಮವನ್ನು ಬಹಳ ತಗ್ಗಿಸಿವೆ, ಬಣ್ಣದ ಕೆಲಸ ಕೈಯಲ್ಲೇ ಉಳಿದಿದೆ. ಹಳೆಯ ಮಾದರಿಗಳನ್ನು ಕಾಪಾಡುವವರ ಮುಂದೆ ಬೇರೆಯದೇ ಸಮಸ್ಯೆಯಿದೆ. ಬೆಳಕಿಗೆ ಜಲವರ್ಣ ಮಾಸುತ್ತದೆ, ರಟ್ಟು ತೇವಕ್ಕೆ ಸೊಟ್ಟಗಾಗುತ್ತದೆ, ಕೋಣೆಯ ನಿಜವಾದ ಧೂಳು ಬಂದು ಕೂರುತ್ತದೆ. ಆ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯುವವರು, ಅದರಡಿಯಲ್ಲಿ ಕಟ್ಟಿದವರು ಬಣ್ಣದಿಂದ ಮೂಡಿಸಿದ ಮಸಿ ಯಾವುದು ಎಂದು ಗುರುತಿಸಿ, ಅದನ್ನು ಅಲುಗಿಸದೆ ಬಿಡಬೇಕಾಗುತ್ತದೆ.