ಸುಳ್ಳು ಹೆಸರು, ನಿಜವಾದ ಊರು

ಉಡುಪಿ ಜಿಲ್ಲೆಯ ದಕ್ಷಿಣದ ತುದಿಯಲ್ಲಿದೆ ಹೆಜಮಾಡಿ. ಶಾಂಭವಿ ಹೊಳೆಯ ಸೇತುವೆ ದಾಟಿದರೆ ಮುಲ್ಕಿ, ಅಂದರೆ ದಕ್ಷಿಣ ಕನ್ನಡ. ಹೆದ್ದಾರಿಯ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್ ಇದ್ದರೆ ಸಾಕು, ಯಾರು ಎತ್ತ ಎಂದು ಯಾರೂ ಕೇಳುವುದಿಲ್ಲ. ಹೆದ್ದಾರಿ ಬಿಟ್ಟು ಕೋಡಿಯ ಕಡೆ, ಒಂದು ಮಗ್ಗುಲಲ್ಲಿ ಹೊಳೆ ಇನ್ನೊಂದು ಮಗ್ಗುಲಲ್ಲಿ ಕಡಲು ಇರುವ ಆ ಸಪೂರ ನೆಲಕ್ಕೆ ಇಳಿದರೆ ಮಾತು ಬೇರೆ. ಹೊಸ ಮುಖ ಕಂಡ ಕೂಡಲೇ ತುಳುವಿನಲ್ಲಿ ಪ್ರಶ್ನೆ ಬರುತ್ತದೆ: "ಈರೆನ ಇಲ್ಲ್ ಓಲು?" ಮನೆ ಎಲ್ಲಿ ಎಂದು ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ಅಪ್ಪ ಯಾರು, ಅಮ್ಮನ ಕಡೆಯವರು ಎಲ್ಲಿಯವರು, ಕುಲದ ಬಳಿ ಯಾವುದು, ಬೊಂಬಾಯಿಯಲ್ಲಿ ಯಾರಿದ್ದಾರೆ? ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಗೊತ್ತಿರುವ ನೆಂಟನೊಬ್ಬ ಸಿಕ್ಕೇ ಸಿಗುತ್ತಾನೆ. ಸಿಗದಿದ್ದರೆ ಕೇಳಿದವರ ಹುಬ್ಬು ಮೇಲೇರುತ್ತದೆ.

ಕರಾವಳಿಯ ಈ ವಿಚಾರಣೆಯನ್ನು ದಾಟಿ ಒಬ್ಬ ಪೊಲೀಸ್ ಅಧಿಕಾರಿ ಸುಳ್ಳು ಹೆಸರಿನಲ್ಲಿ ಪಾತಕಿಗಳ ಕೂಟದೊಳಗೆ ವರ್ಷಗಟ್ಟಲೆ ಇರುವುದು ಸಾಧ್ಯವೇ? ಅಮೆರಿಕದಲ್ಲಿ ಒಬ್ಬ ಇದ್ದ.

ಜೋಸೆಫ್ ಪಿಸ್ಟೋನ್ ಎಫ್‌ಬಿಐ ಅಧಿಕಾರಿ. 1976ರಲ್ಲಿ ಆತ ಡಾನಿ ಬ್ರಾಸ್ಕೊ ಎಂಬ ಹೆಸರು ಹೊತ್ತು, ಆಭರಣ ಕಳ್ಳನ ವೇಷದಲ್ಲಿ ನ್ಯೂಯಾರ್ಕಿನ ಮಾಫಿಯಾದೊಳಗೆ ಕಾಲಿಟ್ಟ. ಅದಕ್ಕೆಂದೇ ರತ್ನ ಪರೀಕ್ಷೆ ಕಲಿತಿದ್ದ. ಇಲಾಖೆಯ ಕಡತಗಳಿಂದ ಅವನ ಹೆಸರನ್ನೇ ತೆಗೆದುಹಾಕಲಾಗಿತ್ತು. ಮೊದಲ ತಿಂಗಳುಗಳಲ್ಲಿ ಅವನು ಮಾಡಿದ್ದು ಬಾರುಗಳಲ್ಲಿ ಸುಮ್ಮನೆ ಕೂರುವುದು. ಯಾರನ್ನೂ ಏನೂ ಕೇಳಲಿಲ್ಲ. ಬ್ಯಾಕ್‌ಗ್ಯಾಮನ್ ಎಂಬ ದಾಳದ ಆಟದ ನೆಪದಲ್ಲಿ ಮಾತು ಬೆಳೆಯಿತು, ಮಾತಿನಿಂದ ಗುರುತು ಬೆಳೆಯಿತು. ಹೀಗೆ ಬೊನಾನೊ ಎಂಬ ಪಾತಕಿ ಕುಟುಂಬದ ಲೆಫ್ಟಿ ರುಜೀರೊನ ಶಿಷ್ಯನಾಗಿ, ಅವನ ಮೇಲಿನ ಸನ್ನಿ ಬ್ಲ್ಯಾಕ್ ನಪೊಲಿಟಾನೊನ ನೆಚ್ಚಿನವನಾಗಿ ಸುಮಾರು ಐದು ವರ್ಷ ಕಳೆದ.

ಪಿಸ್ಟೋನ್ ಒಳಗೆ ಹೋಗಲು ಆದದ್ದು ಅವನೂ ಇಟಾಲಿಯನ್ ಮನೆತನದವನು, ನ್ಯೂಜೆರ್ಸಿಯ ಅದೇ ಬಗೆಯ ಕೇರಿಗಳಲ್ಲಿ ಬೆಳೆದವನು ಎಂಬ ಕಾರಣಕ್ಕೆ. ಊಟ, ಬೈಗುಳ, ಹಿರಿಯರ ಮುಂದೆ ನಿಲ್ಲುವ ರೀತಿ ಎಲ್ಲ ಅವನಿಗೆ ಮೊದಲೇ ಗೊತ್ತಿತ್ತು. ಅಷ್ಟಿದ್ದರೂ ಒಬ್ಬ ಒಳಗಿನವನು ಜಾಮೀನು ನಿಲ್ಲಲೇಬೇಕಿತ್ತು. ಒಳಬಂದವನು ಕೆಟ್ಟರೆ ಜಾಮೀನು ನಿಂತವನು ಜೀವ ಕೊಡಬೇಕು ಎಂಬುದು ಅಲ್ಲಿಯ ಕಟ್ಟಳೆ. 1981ರ ಮೇ ತಿಂಗಳಲ್ಲಿ ಕುಟುಂಬದೊಳಗೆ ಮೂರು ಕೊಲೆ ನಡೆದು, ನಾಲ್ಕನೆಯದನ್ನು ಬ್ರಾಸ್ಕೊಗೇ ವಹಿಸಿದಾಗ ಎಫ್‌ಬಿಐ ಅವನನ್ನು ಹೊರಗೆಳೆಯಿತು. ಆಗಸ್ಟ್‌ನಲ್ಲಿ ಸನ್ನಿ ಬ್ಲ್ಯಾಕ್ ಕೊಲೆಯಾದ; ಮರುವರ್ಷ ಸಿಕ್ಕ ಹೆಣಕ್ಕೆ ಕೈಗಳಿರಲಿಲ್ಲ. ಪಿಸ್ಟೋನ್ ಒದಗಿಸಿದ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವನ ಆತ್ಮಕಥನ ಎಂಬತ್ತರ ದಶಕದ ಕೊನೆಯಲ್ಲಿ ಬಂತು, ಸಿನಿಮಾ 1997ರಲ್ಲಿ.

ಕರಾವಳಿಯ ಭೂಗತ ಚರಿತ್ರೆಯ ನಾಭಿ ಇರುವುದು ಬೊಂಬಾಯಿಯಲ್ಲಿ. ಕರಾವಳಿಯವರು ಅಲ್ಲಿಗೆ ಹೋಗಿ ನೆಲೆಸಿದ್ದು ಬಹಳ ಹಿಂದೆ: ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಹೊಟ್ಟೆಪಾಡಿಗೆ ಹೊರಟ ಹುಡುಗರಿಗೆ ಮೊದಲು ಸಿಗುತ್ತಿದ್ದುದು ಕ್ಯಾಂಟೀನಿನ ಕಪ್ಪು ಬಶಿ ತೊಳೆಯುವ ಕೆಲಸ. ಹಗಲು ದುಡಿಮೆ, ಸಂಜೆ ಕನ್ನಡದ ರಾತ್ರಿಶಾಲೆ, ಮಲಗಲು ಹೋಟೆಲಿನ ಮೇಜು ಇಲ್ಲವೇ ಊರವರು ಹತ್ತಾರು ಮಂದಿ ಸೇರಿ ಹಿಡಿದ ಒಂದು ಖೋಲಿ. ಹಾಗೆ ಮೇಲೆ ಬಂದವರು ಲೆಕ್ಕವಿಲ್ಲದಷ್ಟು: ವಕೀಲರು, ಬ್ಯಾಂಕಿನವರು, ಹೋಟೆಲು ಮಾಲೀಕರು. ಕರಾವಳಿಯ ಎಷ್ಟೋ ಮನೆಗಳಿಗೆ ಹಂಚು ಹೊದಿಸಿದ್ದು, ಎಷ್ಟೋ ದೈವಸ್ಥಾನಗಳ ಜೀರ್ಣೋದ್ಧಾರ ಮಾಡಿಸಿದ್ದು ಆ ದುಡ್ಡು. ಈ ಮಾತನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನದು ಆ ದೊಡ್ಡ ಚರಿತ್ರೆಯ ಒಂದು ಸಣ್ಣ, ಕಪ್ಪು ಮೂಲೆ ಮಾತ್ರ.

ಮಲ್ಪೆಯ ರವಿ ಪೂಜಾರಿ ಅದೇ ದಾರಿಯಲ್ಲಿ ಅಂಧೇರಿ ಸೇರಿದವನು. ಪೊಲೀಸರ ಪ್ರಕಾರ ಮುಂಬಯಿಯ ಪಾತಕಿ ಛೋಟಾ ರಾಜನ್‌ನ ಗ್ಯಾಂಗಿನಲ್ಲಿದ್ದು, ಆಮೇಲೆ ಬೇರೆಯಾಗಿ, ವಿದೇಶದಿಂದ ಫೋನು ಮಾಡಿ ಬಿಲ್ಡರುಗಳು, ಹೋಟೆಲಿನವರು, ಸಿನಿಮಾದವರಿಂದ ಹಫ್ತಾ ಕೇಳುವುದನ್ನೇ ದಂಧೆ ಮಾಡಿಕೊಂಡ. ಉಡುಪಿಯ ಬನ್ನಂಜೆ ರಾಜನದೂ ಇದೇ ಬಗೆಯ ಕಥೆ. ಇಂಥ ಕರೆಗಳ ಬಲ ಬಂದೂಕಿನಲ್ಲಷ್ಟೇ ಇರಲಿಲ್ಲ, ಪರಿಚಯದಲ್ಲೂ ಇತ್ತು. ಮಾಲೀಕನ ಮನೆ ಯಾವುದು, ಹೊಸ ಜಾಗ ಎಲ್ಲಿ ತೆಗೆದುಕೊಂಡ, ಮಕ್ಕಳು ಎಲ್ಲಿ ಓದುತ್ತಾರೆ ಎಂಬ ಸುದ್ದಿ ಹೊಂದಿಸಿಕೊಡಲು ಊರಿನಲ್ಲೇ ಜನರಿದ್ದರು. ಕೋಡಿಯಲ್ಲಿ ಅಕ್ಕರೆಯಿಂದ ಕೇಳುವ ಪ್ರಶ್ನೆಗಳ ಉತ್ತರಗಳೇ ಅಲ್ಲಿ ಬೆದರಿಕೆಯಾದವು. ಊರವನು ಊರವನನ್ನೇ ಹೆದರಿಸಿ ತಿಂದ ಈ ಸಂಗತಿಯಷ್ಟು ನೋವಿನದು ಕರಾವಳಿಯ ಇತ್ತೀಚಿನ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಅಮೆರಿಕದಲ್ಲಿ ಸುಳ್ಳು ಹೆಸರು ಪೊಲೀಸನದು. ಇಲ್ಲಿ ಅದು ಓಡಿಹೋದವರ ಆಸರೆಯಾಯಿತು. 2019ರ ಜನವರಿಯಲ್ಲಿ ಸೆನೆಗಲ್‌ನ ಡಕಾರ್ ನಗರದಲ್ಲಿ ಆಂಟನಿ ಫರ್ನಾಂಡಿಸ್ ಎಂಬ ಹೋಟೆಲು ಉದ್ಯಮಿಯೊಬ್ಬ ಕ್ಷೌರದಂಗಡಿಯಲ್ಲಿ ಸಿಕ್ಕಿಬಿದ್ದ. ಕೈಯಲ್ಲಿದ್ದುದು ಬುರ್ಕಿನಾ ಫಾಸೊ ದೇಶದ ಪಾಸ್‌ಪೋರ್ಟ್. ನಡೆಸುತ್ತಿದ್ದುದು 'ನಮಸ್ತೆ ಇಂಡಿಯಾ' ಹೆಸರಿನ ಹೋಟೆಲುಗಳು. ಅವನೇ ರವಿ ಪೂಜಾರಿ. ಜಾಮೀನು ಪಡೆದು ದಕ್ಷಿಣ ಆಫ್ರಿಕಾಕ್ಕೆ ಪರಾರಿಯಾಗಿ, ಅಲ್ಲಿ ಮತ್ತೆ ಸಿಕ್ಕು, 2020ರ ಫೆಬ್ರವರಿಯಲ್ಲಿ ಕರ್ನಾಟಕ ಪೊಲೀಸರ ಜತೆ ಬೆಂಗಳೂರಿಗೆ ಬಂದಿಳಿದ. ಹೆಸರು, ದೇಶ ಎರಡನ್ನೂ ಕಾಗದದ ಮೇಲೆ ಬದಲಿಸಿಕೊಂಡವನು ಹೊಟ್ಟೆಪಾಡಿಗೆ ಹಿಡಿದದ್ದು ಮಾತ್ರ ಉಡುಪಿಯವರು ನೂರು ವರ್ಷದಿಂದ ಮಾಡಿಕೊಂಡು ಬಂದ ಕಸುಬನ್ನೇ.

ಅವನ ಹಳೆಯ ಯಜಮಾನ ಛೋಟಾ ರಾಜನ್ 2015ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಸಿಕ್ಕಿಬಿದ್ದಾಗ ಅವನ ಪಾಸ್‌ಪೋರ್ಟಿನಲ್ಲಿದ್ದ ಹೆಸರು ಮೋಹನ್ ಕುಮಾರ್. ವಿಳಾಸ ಮಂಡ್ಯದ ಆಜಾದ್ ನಗರ. ಆ ಹೆಸರಿನಲ್ಲಿ ಮೊದಲು ಪಾಸ್‌ಪೋರ್ಟ್ ಕೊಟ್ಟದ್ದು ಬೆಂಗಳೂರಿನ ಕಚೇರಿ. 2017ರ ಏಪ್ರಿಲ್‌ನಲ್ಲಿ ದೆಹಲಿಯ ಸಿಬಿಐ ನ್ಯಾಯಾಲಯ ಈ ಒಂದು ಸುಳ್ಳಿಗಾಗಿಯೇ ಅವನಿಗೂ ಮೂವರು ಪಾಸ್‌ಪೋರ್ಟ್ ಅಧಿಕಾರಿಗಳಿಗೂ ಏಳು ವರ್ಷ ಜೈಲು ವಿಧಿಸಿತು. ಮುಂಬಯಿಯ ಪಾತಕಿ ಕಾಗದದ ಮೇಲೆ ಮಂಡ್ಯದ ಮನುಷ್ಯನಾಗಿ ದೇಶ ಸುತ್ತಿದ್ದ.

ಹಾಗಾದರೆ ಪೊಲೀಸರಿಗೆ ಒಳಗಿನ ಸುದ್ದಿ ಸಿಗುತ್ತಿದ್ದುದು ಹೇಗೆ? ಬಾತ್ಮೀದಾರರಿಂದ. ಮುಂಬಯಿಯಲ್ಲಿ ಖಬರಿ ಎನ್ನುತ್ತಾರೆ. ಬಾರಿನ ಮಾಣಿ, ಬಾಗಿಲಲ್ಲಿ ನಿಲ್ಲುವವನು, ಜಗಳವಾಡಿ ಗ್ಯಾಂಗು ಬಿಟ್ಟವನು, ಪಾಲು ಸಿಗದೆ ಮುನಿದವನು. ಇವರು ಹೊರಗಿನಿಂದ ನುಗ್ಗಿದವರಲ್ಲ, ಮೊದಲೇ ಒಳಗಿದ್ದವರು.

ಬಾತ್ಮೀದಾರರನ್ನು ಬಳಸುವ ಈ ಕಲೆ ಪಶ್ಚಿಮ ಕರಾವಳಿಯಲ್ಲಿ ಹದಗೊಂಡದ್ದು ಚಿನ್ನದ ಕಾಲದಲ್ಲಿ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದರು, 1968ರಲ್ಲಿ ಅದು ಕಾಯ್ದೆಯೇ ಆಯಿತು. 1990ರಲ್ಲಿ ರದ್ದಾಗುವವರೆಗೆ ಕೊಲ್ಲಿಯಿಂದ ದೋಣಿಗಳಲ್ಲಿ ಬರುವ ಚಿನ್ನದ ಬಿಸ್ಕತ್ತು ಒಂದು ದೊಡ್ಡ ವ್ಯಾಪಾರವಾಗಿತ್ತು. ಯಾವ ಅಳಿವೆಯಲ್ಲಿ, ಯಾವ ರಾತ್ರಿ ಎಂದು ಮೊದಲೇ ತಿಳಿಯದೆ ಕಸ್ಟಮ್ಸ್‌ನವರು ಉದ್ದದ ಕಡಲತೀರದಲ್ಲಿ ಮಾಡುವಂಥದ್ದೇನೂ ಇರಲಿಲ್ಲ. ಅದಕ್ಕೇ ಸುಳಿವು ಕೊಟ್ಟವರಿಗೆ ಇನಾಮು. ಹಿಡಿದ ಮಾಲಿನ ಬೆಲೆಯಲ್ಲಿ ಶೇ. 20ರವರೆಗೆ ಕೊಡಬಹುದು ಎಂಬ ನಿಯಮ ಬಂತು. ಕಾಗದದ ಮೇಲೆ ಸುಳಿವು ಬರೆದು ಎಡಗೈ ಹೆಬ್ಬೆಟ್ಟು ಒತ್ತಿಸಿ, ಲಕೋಟೆಗೆ ಮೊಹರು ಹಾಕಿ ಇಡುವುದು. ಹಣ ಕೊಡುವಾಗ ಹೆಬ್ಬೆಟ್ಟಿಗೆ ಹೆಬ್ಬೆಟ್ಟು ತಾಳೆ ನೋಡುವುದು. ಹೆಸರು ಬೇಕಾಗಿಲ್ಲ, ಬೆರಳು ಸಾಕು. 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಮು ಇನ್ನೂ ಮುಂದೆ ಹೋಗಿತ್ತು: ಅಪರಾಧದ ಸುದ್ದಿ ಎಲ್ಲಿಂದ ಬಂತು ಎಂದು ಹೇಳುವಂತೆ ಯಾವ ಮ್ಯಾಜಿಸ್ಟ್ರೇಟನನ್ನೂ ಪೊಲೀಸನನ್ನೂ ಒತ್ತಾಯಿಸುವಂತಿಲ್ಲ. ಸುಳಿವು ಕೊಟ್ಟವನ ಜೀವ ಉಳಿಯಲು ಇದು ಬೇಕೇ ಬೇಕು. ಆದರೆ ಅವನ ಕಥೆ ಅವನೊಂದಿಗೇ ಮುಗಿಯುತ್ತದೆ.

ಬಾತ್ಮೀದಾರರ ಸುದ್ದಿಯನ್ನು ನಂಬಿ ನಡೆದ ಮುಂಬಯಿ ಪೊಲೀಸರ ಈ ಕಥೆಗೆ ಕಾರ್ಕಳ ತಾಲೂಕಿನ ಎಣ್ಣೆಹೊಳೆಯ ದಯಾ ನಾಯಕ್ ಬರುವುದು ಇಲ್ಲೇ. 1979ರಲ್ಲಿ ಬೊಂಬಾಯಿಗೆ ಹೋದ ಕೊಂಕಣಿ ಮನೆಮಾತಿನ ಹುಡುಗ. ಹೋಟೆಲಿನಲ್ಲಿ ದುಡಿದು, ಓದಿ, ಪದವಿ ಪಡೆದು, 1995ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು. 1996ರ ಕೊನೆಯ ದಿನ ಛೋಟಾ ರಾಜನ್ ಗ್ಯಾಂಗಿನ ಇಬ್ಬರು ಅವರ ಮೊದಲ ಎನ್‌ಕೌಂಟರಿನಲ್ಲಿ ಸತ್ತರು. ಹಿಂದಿಯ 'ಅಬ್ ತಕ್ ಛಪ್ಪನ್', ಕನ್ನಡದ 'ಎನ್‌ಕೌಂಟರ್ ದಯಾನಾಯಕ್' ಅವರ ಸುತ್ತ ಹುಟ್ಟಿದ ಸಿನಿಮಾಗಳು. ಎಣ್ಣೆಹೊಳೆಯಲ್ಲಿ ತಾಯಿ ರಾಧಾ ಅವರ ಹೆಸರಿನಲ್ಲಿ ಶಾಲೆ ಕಟ್ಟಿಸಿದರು, ಅಮಿತಾಭ್ ಬಚ್ಚನ್ ಉದ್ಘಾಟನೆಗೆ ಬಂದಿದ್ದರು. 2006ರಲ್ಲಿ ಆಸ್ತಿಯ ಆರೋಪದ ಮೇಲೆ ಅಮಾನತು, ಆರೋಪ ನಿಲ್ಲದೆ 2012ರಲ್ಲಿ ಮರಳಿ ಕೆಲಸ, 2025ರಲ್ಲಿ ನಿವೃತ್ತಿ.

ಒಂದೇ ಉಡುಪಿ ಜಿಲ್ಲೆಯಿಂದ, ಒಂದೇ ಹೋಟೆಲು ದಾರಿಯಲ್ಲಿ ಹೋದವರಲ್ಲಿ ಒಬ್ಬ ಪಿಸ್ತೂಲಿನ ಈ ಬದಿಗೆ, ಇನ್ನೊಬ್ಬ ಆ ಬದಿಗೆ. ದಯಾ ನಾಯಕ್ ಅವರ ದುಡಿಮೆಗೆ, ಶಾಲೆಗೆ ಎಣ್ಣೆಹೊಳೆ ಹೆಮ್ಮೆಪಡುವುದು ಸಹಜ. ಎನ್‌ಕೌಂಟರ್ ಎಂಬ ಪದ್ಧತಿಯ ಲೆಕ್ಕ ಬೇರೆಯೇ. ಪಿಸ್ಟೋನ್‌ನ ಐದು ವರ್ಷದ ಬೇಹುಗಾರಿಕೆ ನ್ಯಾಯಾಲಯಕ್ಕೆ ಬಂತು: ಯಾರು ಯಾರಿಗೆ ಹಣ ಕೊಟ್ಟರು, ಯಾರು ಅಪ್ಪಣೆ ಕೊಟ್ಟರು ಎಂಬುದೆಲ್ಲ ಪಾಟೀಸವಾಲಿನಲ್ಲಿ ಒರೆಗೆ ಬಿದ್ದು ದಾಖಲೆಯಾಯಿತು. ರಸ್ತೆಯಲ್ಲಿ ಗುಂಡಿಗೆ ಬಿದ್ದ ಪಂಟರ್, ಅಂದರೆ ಗ್ಯಾಂಗಿನ ಕೆಳಗಿನ ಆಳು, ಬಾಯಿ ಬಿಡುವುದಿಲ್ಲ. ಅವನನ್ನು ಕಳಿಸಿದವನು ಯಾರು, ಯಾವ ರಾಜಕಾರಣಿಯ ಕೃಪೆ, ಯಾವ ಅಧಿಕಾರಿಯ ಪಾಲು ಎಂಬುದೆಲ್ಲ ಅವನ ಜತೆಗೇ ಮಣ್ಣಾಗುತ್ತದೆ. ತೊಂಬತ್ತರ ದಶಕದ ಮುಂಬಯಿ ಹೀಗೆ ಎಷ್ಟೋ ಸಾಕ್ಷ್ಯವನ್ನು ತನ್ನ ಕೈಯಾರೆ ಕಳೆದುಕೊಂಡಿತು.

ವೇಷ ಹಾಕುವ ಕೆಲಸ ಕರ್ನಾಟಕದ ಪೊಲೀಸರಿಗೆ ಗೊತ್ತಿರಲಿಲ್ಲ ಎಂದಲ್ಲ. ಕಾಡುಗಳ್ಳ ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ದಂತ ಕೊಳ್ಳುವವನ ವೇಷದಲ್ಲಿ ಹೋಗಿ ವೀರಪ್ಪನ್‌ನ ಬಲಗೈ ಗುರುನಾಥನ್‌ನನ್ನು ಹಿಡಿದರು. 1992ರ ಫೆಬ್ರವರಿಯಲ್ಲಿ ಗುರುನಾಥನ್ ಸತ್ತ. ವೀರಪ್ಪನ್ ಅದೇ ಬಲೆಯನ್ನು ತಿರುಗಿಸಿ ಬೀಸಿದ. ಬಾತ್ಮೀದಾರನೊಬ್ಬನ ಮೂಲಕ ದಂತದ ವ್ಯವಹಾರದ ಸುದ್ದಿ ಮುಟ್ಟಿಸಿದ. ಅದನ್ನು ನಂಬಿ ಆಗಸ್ಟ್ 14ರಂದು ಹೊರಟ ಎಸ್‌ಪಿ ಹರಿಕೃಷ್ಣ, ಶಕೀಲ್ ಅಹಮದ್ ಮತ್ತು ಸಂಗಡಿಗರು ಮೀಣ್ಯದ ಬಳಿ ಗುಂಡಿಗೆ ಬಲಿಯಾದರು. ಹನ್ನೆರಡು ವರ್ಷದ ಮೇಲೆ, 2004ರ ಅಕ್ಟೋಬರ್ 18ರಂದು, ತಮಿಳುನಾಡು ಪೊಲೀಸರು ಆಂಬುಲೆನ್ಸಿಗೆ ತಮ್ಮವನನ್ನೇ ಚಾಲಕನನ್ನಾಗಿ ಕೂರಿಸಿ ವೀರಪ್ಪನ್‌ನನ್ನು ಕಾಡಿನಿಂದ ಹೊರತಂದರು. ಆ ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ ಪುಸ್ತಕ ಬರೆದಿದ್ದಾರೆ. ಶಕೀಲ್ ಬದುಕಿದ್ದರೆ ಕನ್ನಡ ನಾಡಿಗೂ ಅಂಥದೊಂದು ಪುಸ್ತಕ ಸಿಗುತ್ತಿತ್ತೋ ಏನೋ.

ಕನ್ನಡದಲ್ಲಿ ಬಂದ ದೊಡ್ಡ ಭೂಗತ ಆತ್ಮಕಥನ ಇನ್ನೊಂದು ದಿಕ್ಕಿನದು. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಗ್ಯಾಂಗಿನಲ್ಲೇ ಇದ್ದು ಹೊರಬಂದವರ ಬರಹ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು, 2007ರಲ್ಲಿ 'ಆ ದಿನಗಳು' ಸಿನಿಮಾವೂ ಆಯಿತು. ಪುತ್ತೂರಿನ ಕಡೆಯಿಂದ ಬಂದು, ಬ್ಯಾಂಕಿನ ನೌಕರಿ ಬಿಟ್ಟು ಭೂಗತಕ್ಕಿಳಿದು, ದುಬೈಗೆ ಹೋಗಿ, 2002ರಲ್ಲಿ ಗಡೀಪಾರಾಗಿ ಮರಳಿದ ಮುತ್ತಪ್ಪ ರೈ 2020ರಲ್ಲಿ ತೀರಿಕೊಳ್ಳುವವರೆಗೂ ಸುದ್ದಿಯಲ್ಲೇ ಇದ್ದ. ಡಾನ್‌ಗಳ ಹೆಸರು ಕರಾವಳಿಯ ಮಕ್ಕಳಿಗೂ ಗೊತ್ತು.

ಹಫ್ತಾದ ಕರೆ ಬಂದಾಗ ಫೋನು ಎತ್ತಿದವರ ಹೆಸರು ಗೊತ್ತಿಲ್ಲ. ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ್ ಒಬ್ಬರ ಹೆಸರು ಉಳಿದಿದೆ. ಕೇಳಿದ ಹಣ ಕೊಡಲು ಒಪ್ಪದ ಅವರನ್ನು 2013ರ ಡಿಸೆಂಬರ್ 21ರಂದು ಗುಂಡಿಟ್ಟು ಕೊಂದರು. ಅವರ ಅಂಗರಕ್ಷಕ ತಿರುಗಿ ಹಾರಿಸಿದ ಗುಂಡಿಗೆ ಹಂತಕರಲ್ಲೊಬ್ಬ ಅಲ್ಲೇ ಸತ್ತ. ಈ ಕೊಲೆಯ ಸಂಚಿನ ಆರೋಪ ಹೊತ್ತು 2015ರಲ್ಲಿ ಮೊರಾಕ್ಕೊದಲ್ಲಿ ಸಿಕ್ಕ ಬನ್ನಂಜೆ ರಾಜನನ್ನು ಆ ಆಗಸ್ಟ್‌ನಲ್ಲಿ ಬೆಂಗಳೂರಿಗೆ ತಂದರು. ಕೋಕಾ ಎಂದೇ ಕರೆಯುವ, ಸಂಘಟಿತ ಅಪರಾಧಗಳ ವಿರುದ್ಧದ 2000ನೇ ಇಸವಿಯ ರಾಜ್ಯದ ಕಾಯ್ದೆಯಡಿ ಬೆಳಗಾವಿಯ ವಿಶೇಷ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಅವನಿಗೂ ಹಲವರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. ಕದ್ದಾಲಿಸಿದ ಫೋನು ಮಾತನ್ನು, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪುವ ಕಾಯ್ದೆ ಅದು. ಪಿಸ್ಟೋನ್ ಮೈಮೇಲೆ ಹೊತ್ತು ತಂದದ್ದರಲ್ಲಿ ಒಂದು ಪಾಲನ್ನು ಇಲ್ಲಿ ತಂತಿಯೂ ಕಾಗದವೂ ತರಬೇಕೆಂಬುದು ಅದರ ಲೆಕ್ಕ.

ಅಂಧೇರಿ, ಚೆಂಬೂರಿನ ಗಲ್ಲಾಗಳಲ್ಲಿ ಕೂತು ಆ ಕರೆಗಳನ್ನು ಕೇಳಿದ ಹೋಟೆಲಿನವರಲ್ಲಿ ಅನೇಕರು ಈಗ ಎಪ್ಪತ್ತು ದಾಟಿದ್ದಾರೆ. ಕೆಲವರು ವ್ಯವಹಾರ ಮಕ್ಕಳಿಗೆ ಬಿಟ್ಟು ಪಡುಬಿದ್ರಿ, ಕಾಪು, ಹೆಜಮಾಡಿಯ ಮನೆಗಳಿಗೆ ಮರಳಿದ್ದಾರೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ, ಪೊಲೀಸರ ಬಳಿ ಹೋದವರಿಗೆ ಏನಾಯಿತು ಎಂಬುದನ್ನು ಅವರು ಹೇಳಬಲ್ಲರು. ಮೊಗವೀರರು, ಬಂಟರು, ಬಿಲ್ಲವರು ಮುಂಬಯಿಯಲ್ಲಿ ಕಟ್ಟಿದ ಆ ಮೂರು ಸಂಘಗಳಿಗೂ 'ಮೊಗವೀರ', 'ಬಂಟರವಾಣಿ', 'ಅಕ್ಷಯ' ಎಂಬ ತಮ್ಮದೇ ಪತ್ರಿಕೆಗಳಿವೆ. ಹೆಸರು ಮರೆಸಿಯಾದರೂ ಸರಿ, ಆ ಹಿರಿಯರ ಮಾತನ್ನು ಬರೆದಿಡುವ ಕೆಲಸವನ್ನು ಅವು ಈಗಲೇ ಹಿಡಿಯಬೇಕು.