ಹಾರ್ಟ್ ಬ್ಲಾಕ್: ಪೇಸ್‌ಮೇಕರ್ ಯಾರಿಗೆ, ಅಬ್ಲೇಷನ್ ಯಾರಿಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಾತಿನಲ್ಲಿ ‘ಹಾರ್ಟಲ್ಲಿ ಬ್ಲಾಕ್’ ಎಂದರೆ ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಬೇಕಾದೀತು ಎಂದರ್ಥ. ವೈದ್ಯಶಾಸ್ತ್ರದ ಹಾರ್ಟ್ ಬ್ಲಾಕ್ ಬೇರೆಯದೇ ಕಾಯಿಲೆ. ಅದು ಹೃದಯದ ವಿದ್ಯುತ್ ಹಾದಿಯ ತೊಂದರೆ. ಮೇಲಿನ ಕೋಣೆಯಲ್ಲಿ ಹುಟ್ಟಿದ ಸಂಕೇತ ನಡುವಿನ ಕೊಂಡಿಯಾದ ಎ.ವಿ. ನೋಡ್ ದಾಟಿ ಕೆಳಗಿನ ಕೋಣೆಗೆ ಇಳಿಯುವಾಗ ತಡವಾಗುತ್ತದೆ, ನಡುನಡುವೆ ತಪ್ಪುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಪೂರ್ತಿ ನಿಂತಾಗ ನಾಡಿ ನಿಮಿಷಕ್ಕೆ ಮೂವತ್ತು ನಲವತ್ತಕ್ಕೆ ಇಳಿದು, ಕಣ್ಣು ಕತ್ತಲೆ ಬಂದು ರೋಗಿ ಕುಸಿಯಬಹುದು. ಇಸಿಜಿ ಪಟ್ಟಿಯಲ್ಲಿ ಮೇಲಿನ ಕೋಣೆಯ ಸಣ್ಣ ಅಲೆಗಳು ತಮ್ಮ ಪಾಡಿಗೆ, ಕೆಳಗಿನ ಕೋಣೆಯ ಚೂಪು ಗೆರೆಗಳು ತಮ್ಮ ಪಾಡಿಗೆ ಸಾಗುತ್ತಿರುತ್ತವೆ.

1952ರಲ್ಲಿ ಬಾಸ್ಟನ್ನಿನ ವೈದ್ಯ ಪಾಲ್ ಝೋಲ್ ಇಂಥ ರೋಗಿಗಳ ಎದೆಯ ಮೇಲಿಂದಲೇ ವಿದ್ಯುತ್ ಹಾಯಿಸಿ ಹೃದಯ ಬಡಿಸಿದರು. ಜೀವ ಉಳಿಯುತ್ತಿತ್ತು, ನೋವು ಮಾತ್ರ ಅಸಹನೀಯ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ್ದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಆದರೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು ಲಾರ್ಸನ್ 2001ರವರೆಗೆ ಬದುಕಿದರು. ಎಪ್ಪತ್ತರ ದಶಕದ ಲಿಥಿಯಂ ಬ್ಯಾಟರಿ ಯಂತ್ರದ ಆಯುಸ್ಸನ್ನು ವರ್ಷಗಟ್ಟಲೆ ಹಿಗ್ಗಿಸಿತು. ಈಗ ತಂತಿಯೇ ಇಲ್ಲದ, ಹೃದಯದೊಳಗೇ ಕೂರುವ ಪುಟ್ಟ ಪೇಸ್‌ಮೇಕರ್‌ಗಳೂ ಇವೆ.

ಹೃದಯದ ಆಯ್ದ ಜಾಗವನ್ನು ಸುಡುವ ಅಬ್ಲೇಷನ್ನಿನ ಹುಟ್ಟು ಪೇಸ್‌ಮೇಕರ್‌ಗೆ ತದ್ವಿರುದ್ಧ. 1982ರಲ್ಲಿ ಅಮೆರಿಕದ ಮೆಲ್ವಿನ್ ಶೈನ್‌ಮನ್ ತಂಡ ಪ್ರಕಟಿಸಿದ ಕ್ಯಾತಿಟರ್ ಚಿಕಿತ್ಸೆ ಹಾರ್ಟ್ ಬ್ಲಾಕನ್ನು ಬೇಕೆಂದೇ ಉಂಟುಮಾಡುವಂಥದ್ದು: ಹತೋಟಿಗೆ ಬಾರದ ವೇಗದ ಬಡಿತ ಕೆಳಗಿಳಿಯದಂತೆ ಎ.ವಿ. ಸಂಧಿಯನ್ನು ಸುಟ್ಟು, ಪೇಸ್‌ಮೇಕರ್ ಅಳವಡಿಸುವುದು. ಮುಂದೆ ರೇಡಿಯೋ ತರಂಗದ ಶಾಖ ಬಂದು, ವೇಗದ ಬಡಿತಕ್ಕೆ ಕಾರಣವಾಗುವ, ಹುಟ್ಟಿನಿಂದಲೇ ಇರುವ ಅಡ್ಡಹಾದಿಗಳನ್ನು ಗುರುತಿಟ್ಟು ಸುಡುವುದು ಸಾಧ್ಯವಾಯಿತು. ಎಷ್ಟೋ ಮಂದಿಗೆ ಅದು ಶಾಶ್ವತ ಪರಿಹಾರ. ಆದರೆ ವಯಸ್ಸಿನಿಂದ ನಾರುಗಟ್ಟಿದ ಹಾದಿ ಸುಟ್ಟರೆ ತೆರೆದುಕೊಳ್ಳುವುದಿಲ್ಲ. ಬ್ರೆಜಿಲ್‌ನ ಪಚೋನ್ ತಂಡ 2005ರಲ್ಲಿ ವರದಿ ಮಾಡಿದ ಕಾರ್ಡಿಯೋನ್ಯೂರೋ ಅಬ್ಲೇಷನ್ ಒಂದು ಅಪವಾದ. ಹಾದಿ ಚೆನ್ನಾಗಿದ್ದೂ, ಬಡಿತ ತಗ್ಗಿಸುವ ವೇಗಸ್ ನರದ ಅತಿಯಾದ ಹಿಡಿತದಿಂದ ಬ್ಲಾಕ್ ಆಗುವ, ಆಯ್ದ ಕೆಲವರಿಗಷ್ಟೇ ಅದು ಅನ್ವಯ. ಬ್ಲಾಕ್ ತೀವ್ರವಾಗಿದ್ದರೆ ಉಳಿದವರಿಗೆ ಪೇಸ್‌ಮೇಕರೇ ಗತಿ. ಅದಕ್ಕೂ ಮುನ್ನ ಕೆಲವು ಬಿ.ಪಿ. ಮಾತ್ರೆ, ಪೊಟ್ಯಾಸಿಯಂ ಏರಿಕೆ, ಆಗಷ್ಟೇ ಆದ ಹೃದಯಾಘಾತ ಇವು ಕಾರಣವೇ ಎಂದು ನೋಡಲೇಬೇಕು. ಆ ಕಾರಣ ಸರಿಹೋದರೆ ಇಂಥ ಬ್ಲಾಕ್ ಎಷ್ಟೋ ಬಾರಿ ತಾನಾಗಿ ಬಿಡುತ್ತದೆ.

ಈ ಚಿಕಿತ್ಸೆಗೆ ಹೋಗಬೇಕಾದ ಮಂಗಳೂರು ಬೆಳ್ತಂಗಡಿಯಿಂದ ಸುಮಾರು 60 ಕಿ.ಮೀ. ಘಟ್ಟದ ಬುಡದ ಹಳ್ಳಿಗಳಿಗೆ ಇನ್ನೂ ದೂರ. ಹೀಗಾಗಿ ಮೊದಲ ಇಸಿಜಿ ಊರಲ್ಲೇ ಆಗುವುದು ಮುಖ್ಯ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನು ತಜ್ಞರು ಓದಿ ಹೇಳುವ ವ್ಯವಸ್ಥೆ ಮಾಡಿದ್ದು ಈ ಭಾಗಕ್ಕೆ ದೊಡ್ಡ ಉಪಕಾರ.

ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲ ಕೆಲವು ವಾರ ಅದು ಇರುವ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ದೋಟಿ ಹಿಡಿದು ಅಡಿಕೆ ಕೊಯ್ಯುವ ಕೆಲಸ ಅಷ್ಟು ದಿನ ಬೇರೆಯವರಿಗಿರಲಿ. ಮೊಬೈಲನ್ನು ಪೇಸ್‌ಮೇಕರ್ ಇರುವ ಬದಿಯ ಅಂಗಿ ಜೇಬಿನಲ್ಲಿ ಇಡಬಾರದು. ವೆಲ್ಡಿಂಗ್ ಕೆಲಸಕ್ಕೆ, ಎಂಆರ್‌ಐಗೆ ಮುನ್ನ ಪೇಸ್‌ಮೇಕರ್ ಕಾರ್ಡನ್ನು ವೈದ್ಯರಿಗೆ ತೋರಿಸಬೇಕು. ಮನೆಯವರಿಗೆ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ: ಬ್ಯಾಟರಿ ಬೆಂಕಿಯಲ್ಲಿ ಸಿಡಿಯುವುದರಿಂದ, ಮರಣದ ನಂತರ ದಹನಕ್ಕೆ ಮೊದಲು ಪೇಸ್‌ಮೇಕರನ್ನು ಹೊರತೆಗೆಸಬೇಕು.