ಗೆನಿಝಾ ಉಳಿಸಿದ ಬಿಡುಗಡೆಪತ್ರ

ದೇವನಾಮವಿರುವ ಬರಹವನ್ನು ನಾಶಪಡಿಸಲಾಗದೆಂಬುದು ಯಹೂದಿಗಳ ಧರ್ಮಬೋಧೆ. ಆದುದರಿಂದ ಜೀರ್ಣವಾದ ಹಾಳೆಗಳನ್ನು ಅವರು ಪ್ರಾರ್ಥನಾಮಂದಿರದ ‘ಗೆನಿಝಾ’ ಎಂಬ ಕೋಣೆಯಲ್ಲಿ ಇರಿಸುತ್ತಿದ್ದರು. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದಲ್ಲಿಯಂತೂ ಧರ್ಮಗ್ರಂಥಗಳೊಡನೆ ಆ ಕೇರಿಯವರ ಮದುವೆಯ ಕರಾರು, ವರ್ತಕರ ಲೆಕ್ಕಪತ್ರಗಳೂ ಉಳಿದುಬಂದವು.

ನಮ್ಮ ಮಂಗಳೂರಿನ ಸಂಗತಿಯೊಂದು ತಿಳಿದುಬಂದುದು ಇಂತಹ ಕಾಗದಗಳಿಂದಲೇ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿಯು 12ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿ ಮೆಣಸಿನ ವ್ಯಾಪಾರ ಮಾಡಿದನು. ಹಿತ್ತಾಳೆಯ ಕಾರ್ಖಾನೆಯನ್ನೂ ನಡೆಸಿದನು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಗೆ ಬಿಡುಗಡೆಪತ್ರವನ್ನು ಬರೆದುಕೊಟ್ಟನು. ಅವಳೇ ಅವನ ಮಡದಿಯಾದಳೆಂದು ವಿದ್ವಾಂಸರು ಊಹಿಸುತ್ತಾರೆ. ಅವನ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಬೊಮ್ಮನಾದರೋ ಕಾಗದಗಳಲ್ಲಿ ದಾಸನೆಂದೇ ಕಾಣಬರುತ್ತಾನೆ. ಏಡನ್ನಿನ ವರ್ತಕರು ತಮ್ಮ ಓಲೆಗಳಲ್ಲಿ ಆ ದಾಸನಿಗೂ ವಂದನೆ ತಿಳಿಸಿದ್ದಾರೆ, ನಿಜ; ಆದರೆ ವಂದನೆಯು ಬಿಡುಗಡೆಯಲ್ಲ.

ಬೆನ್ ಯಿಜು 1149ರಲ್ಲಿ ಏಡನ್ನಿಗೆ ಮರಳಿ ಒಡಹುಟ್ಟಿದವರಿಗೆ ಪತ್ರ ಬರೆದನು. ಅದರಲ್ಲಿ ಮಗ, ಮಗಳ ಪ್ರಸ್ತಾಪವಿದೆ. ಆಶುವಿನ ಹೆಸರಿಲ್ಲ.